ಅಪ್ಪನ ಕೈಯಲ್ಲಿ ಸ್ಮಾರ್ಟ್‌ಫೋನ್, ಮೈಯಲ್ಲಿ ಶುಗರ್: ನೆಟ್‌ನಲ್ಲಿ ಸರಿಯಾದ ಆರೋಗ್ಯ ಮಾಹಿತಿ ಹುಡುಕೋದು ಹೇಗೆ ಕಲಿಸಲಿ?

ತಿಪಟೂರು_ತೆಂಗು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಕೆಇಬಿಯಲ್ಲಿದ್ದು ರಿಟೈರ್ ಆದವರು, ಈಗ 68 ವರ್ಷ. ತಿಪಟೂರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ನಾನು ಬೆಂಗಳೂರಿನಲ್ಲಿ. ಅಪ್ಪನಿಗೆ ಶುಗರ್, ಬಿಪಿ ಎರಡೂ ಇದೆ. ಮೊದಲು ಹಠ ಮಾಡಿ ಸ್ಮಾರ್ಟ್‌ಫೋನ್ ಕೊಡಿಸಿದವಳೇ ನಾನು, ವಿಡಿಯೋ ಕಾಲ್ ಮಾಡಲಿ ಅಂತ. ಈಗ ಬೆಳಗ್ಗೆ ಕಾಫಿ ಜೊತೆ ಯೂಟ್ಯೂಬ್ ಶುರುವಾದರೆ ಮಧ್ಯಾಹ್ನದವರೆಗೂ ಅದೇ. ಬೆಂಡೆಕಾಯಿ ನೆನೆಸಿದ ನೀರು, ಅದಾದ ಮೇಲೆ ಇನ್ಯಾವುದೋ ಎಲೆ. ಅಲ್ಲಿಯವರೆಗೂ ಸುಮ್ಮನಿದ್ದೆ. ಹೋದ ವಾರ ಅಮ್ಮ ಮೆಲ್ಲಗೆ ಫೋನ್‌ನಲ್ಲಿ ಹೇಳಿದರು, "ನಿಮ್ಮಪ್ಪ ಶುಗರ್ ಮಾತ್ರೆ ಒಂದು ಹೊತ್ತು ಬಿಡ್ತಿದಾರೆ ಕಣೇ, ಮಾತ್ರೆ ತಗೊಂಡ್ರೆ ಕಿಡ್ನಿ ಹೋಗುತ್ತಂತೆ."

ಫೋನ್ ಕಿತ್ತುಕೊಳ್ಳೋದು ನನಗೆ ಇಷ್ಟವಿಲ್ಲ. ಅವರು ದಡ್ಡರಲ್ಲ. ಟ್ರಾನ್ಸ್‌ಫಾರ್ಮರ್ ಬಿಚ್ಚಿ ಜೋಡಿಸಿದ ಮನುಷ್ಯ. ಆದರೆ ನೆಟ್‌ನಲ್ಲಿ ಯಾವುದು ನಂಬಬೇಕು, ಯಾವುದು ಬಿಡಬೇಕು ಅನ್ನೋದನ್ನು ಅವರೇ ತಿಳಿದುಕೊಳ್ಳುವ ಹಾಗೆ ಕಲಿಸೋದು ಹೇಗೆ? ನಾನು ಹೇಳಿದರೆ "ನಿನಗೇನು ಗೊತ್ತು, ಅವರು ಡಾಕ್ಟರು" ಅನ್ನುತ್ತಾರೆ. ಇಂಗ್ಲಿಷ್ ಓದೋಕೆ ಬರುತ್ತದೆ, ಆದರೆ ಕಷ್ಟ. ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದಿರಿ?

---

ನೇರಮಾತು:

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಡೇಟಾ ಪ್ಯಾಕ್ ಹಾಕಿಸೋದು ನಿಲ್ಲಿಸಿ, ಬರೀ ಕಾಲ್ ಪ್ಯಾಕ್ ಹಾಕಿಸಿ. ನಮ್ಮ ಮಾವನಿಗೆ ಹಾಗೇ ಮಾಡಿದೆವು. ಮನೆಯಲ್ಲಿ ಶಾಂತಿ.

---

ಮೇಷ್ಟ್ರು_ಕುವೆಂಪುನಗರ:

ನೇರಮಾತು ಅವರೇ, ನಿಮ್ಮ ಮಾವ ಪಕ್ಕದ ಮನೆಯವರ ಫೋನ್‌ನಲ್ಲಿ ನೋಡುತ್ತಿರುತ್ತಾರೆ, ನಿಮಗೆ ಗೊತ್ತಿಲ್ಲ ಅಷ್ಟೆ.

ತಿಪಟೂರಿನವರೇ, ನಾನು ಮೈಸೂರಿನವನು, ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾದವನು, 72 ನಡೆಯುತ್ತಿದೆ. ನಿಮ್ಮ ತಂದೆಯ ಕಡೆಯಿಂದ ಎರಡು ಮಾತು ಹೇಳುತ್ತೇನಮ್ಮ, ಬೇಜಾರು ಮಾಡಿಕೊಳ್ಳಬೇಡಿ. ನಾವು ಯೂಟ್ಯೂಬ್‌ಗೆ ಯಾಕೆ ಹೋಗುತ್ತೇವೆ ಅಂತ ಮಕ್ಕಳು ಯಾರೂ ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಎರಡು ಗಂಟೆ ಬೆಂಚಿನ ಮೇಲೆ ಕೂತು ಒಳಗೆ ಹೋದರೆ ಡಾಕ್ಟರು ರಿಪೋರ್ಟ್ ನೋಡಿ, ಚೀಟಿ ಬರೆದು, "ಮೂರು ತಿಂಗಳು ಬಿಟ್ಟು ಬನ್ನಿ" ಅನ್ನುತ್ತಾರೆ. ಯೂಟ್ಯೂಬ್‌ನಲ್ಲಿ ಬಿಳಿ ಕೋಟು ಹಾಕಿಕೊಂಡವನು ಇಪ್ಪತ್ತು ನಿಮಿಷ ಕನ್ನಡದಲ್ಲಿ, ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾನೆ, "ನಿಮಗೆ ಕಾಲು ಜೋಮು ಹಿಡಿಯುತ್ತಾ, ರಾತ್ರಿ ನಾಲ್ಕು ಸಲ ಏಳುತ್ತೀರಾ" ಅಂತ ನಮ್ಮ ಮನೆಗೆ ಬಂದು ನೋಡಿದ ಹಾಗೆ ಕೇಳುತ್ತಾನೆ. ಯಾರನ್ನು ನಂಬುತ್ತೀರಿ ಹೇಳಿ?

ಇನ್ನೊಂದು ವಿಷಯ. ಮಕ್ಕಳು ಕಲಿಸುವ ರೀತಿ. "ಕೊಡಿ ಇಲ್ಲಿ" ಅಂತ ಫೋನ್ ಕಸಿದುಕೊಂಡು ಟಕಟಕ ಒತ್ತಿ "ನೋಡಿ, ಇಷ್ಟೇ" ಅಂತ ವಾಪಸ್ ಕೊಡುತ್ತಾರೆ. ನಮಗೆ ಕಂಡಿದ್ದು ಅವರ ಹೆಬ್ಬೆರಳು ಮಾತ್ರ. ಕಲಿಸುವಾಗ ಫೋನ್ ಅವರ ಕೈಯಲ್ಲೇ ಇರಲಿ, ನಿಮ್ಮ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ತಪ್ಪು ಒತ್ತಿದರೆ ಒತ್ತಲಿ, ಹಿಂದಕ್ಕೆ ಬರುವುದು ಹೇಗೆ ಅಂತ ಮೊದಲು ಹೇಳಿಕೊಡಿ. ಅದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ, ಪ್ರತಿ ಕೆಲಸಕ್ಕೂ ಹೆಜ್ಜೆ ನನ್ನ ಕೈಬರಹದಲ್ಲೇ ಇದೆ, ಮಗಳು ಬರೆದುಕೊಟ್ಟಿದ್ದಲ್ಲ. ಬೇರೆಯವರು ಬರೆದಿದ್ದು ತಲೆಗೆ ಹತ್ತುವುದಿಲ್ಲ.

ಫೋನ್ ಸೆಟ್ಟಿಂಗೂ ಸ್ವಲ್ಪ ನೋಡಿ. ಅಕ್ಷರ ದೊಡ್ಡದು ಮಾಡುವುದು ಎಲ್ಲರಿಗೂ ಗೊತ್ತು. ಆದರೆ ನಮ್ಮ ವಯಸ್ಸಿನವರು ಒತ್ತಿದರೆ ಬೆರಳು ಅಲ್ಲೇ ನಿಂತುಬಿಡುತ್ತದೆ. ಫೋನ್ ಅದನ್ನು ಒತ್ತಿ ಹಿಡಿದಿದ್ದು ಅಂತ ತಿಳಿದು ಇನ್ನೇನೋ ತೆರೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ 'ಟಚ್ ಅಂಡ್ ಹೋಲ್ಡ್ ಡಿಲೇ' ಅಂತ ಒಂದಿದೆ, ಅದನ್ನು 'ಲಾಂಗ್' ಮಾಡಿ. ಇದು ಮಾಡಿಕೊಟ್ಟ ದಿನದಿಂದ ನಮ್ಮ ವಾಕಿಂಗ್ ಗೆಳೆಯರೊಬ್ಬರು ಫೋನನ್ನು ಬೈಯುವುದು ನಿಲ್ಲಿಸಿದ್ದಾರೆ.

---

ತಾಲೂಕು_ವೈದ್ಯ:

ಮೇಷ್ಟ್ರ ಏಟು ನಮಗೆ ತಗುಲಿತು, ಸರಿಯಾಗೇ ಇದೆ. ನಾನು ತಾಲೂಕು ಆಸ್ಪತ್ರೆಯಲ್ಲಿ ಜನರಲ್ ಮೆಡಿಸಿನ್ ನೋಡುತ್ತೇನೆ. ಓಪಿಡಿ ದಿನ ಒಬ್ಬೊಬ್ಬರಿಗೆ ಸಿಗುವ ಸಮಯ ಎಷ್ಟು ಅಂತ ಹೇಳೋಕೆ ನಾಚಿಕೆಯಾಗುತ್ತದೆ.

ಮೊದಲು ಕಿಡ್ನಿ ವಿಷಯ, ಯಾಕೆಂದರೆ ವಾರಕ್ಕೆ ಹತ್ತು ಜನ ಇದನ್ನೇ ಹೇಳುತ್ತಾರೆ. ನಿಮ್ಮ ತಂದೆ ತಗೊಳ್ಳುತ್ತಿರುವುದು ಹೆಚ್ಚಾಗಿ ಮೆಟ್‌ಫಾರ್ಮಿನ್ ಇರಬೇಕು. ಅದು ಕಿಡ್ನಿ ಕೆಡಿಸುವುದಿಲ್ಲ. ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ಹತೋಟಿಯಲ್ಲಿಲ್ಲದ ಶುಗರ್ ಮತ್ತು ಬಿಪಿ. ಹಾಗಾದರೆ ಈ ಮಾತು ಎಲ್ಲಿಂದ ಬಂತು? ಕಿಡ್ನಿ ಮೊದಲೇ ಸೋತಿದ್ದರೆ ನಾವು ಈ ಮಾತ್ರೆಯ ಡೋಸ್ ಕಮ್ಮಿ ಮಾಡುತ್ತೇವೆ, ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಅಂತ ತೋರಿಸುವ ಇಜಿಎಫ್‌ಆರ್ ಅನ್ನುವ ಲೆಕ್ಕ 30ಕ್ಕಿಂತ ಕೆಳಗೆ ಹೋದರೆ ನಿಲ್ಲಿಸಿಬಿಡುತ್ತೇವೆ. ಅದನ್ನೇ ಯಾರೋ ತಿರುವಿ ಹಾಕಿ "ಮಾತ್ರೆಯಿಂದ ಕಿಡ್ನಿ ಹೋಯಿತು" ಅಂದರು. ನೋಡಿ, ಸುಳ್ಳಿನ ಒಳಗೆ ಒಂದು ಚೂರು ನಿಜ ಇರುತ್ತದೆ, ಅದಕ್ಕೇ ಅದು ಅಂಟಿಕೊಳ್ಳೋದು. ಅಪ್ಪನಿಗೆ "ಅದೆಲ್ಲ ಸುಳ್ಳು" ಅಂತ ಹೇಳುವ ಬದಲು ಈ ಪೂರ್ತಿ ಕಥೆ ಹೇಳಿ. ಟ್ರಾನ್ಸ್‌ಫಾರ್ಮರ್ ಬಿಚ್ಚಿದವರಿಗೆ ಕಾರಣ ಹೇಳಿದರೆ ತಲೆಗೆ ಹೋಗುತ್ತದೆ.

ಎರಡನೆಯದು, ಹುಡುಕಲಿ, ನೋಡಲಿ, ಓದಲಿ, ತಪ್ಪೇನಿಲ್ಲ. ಒಂದೇ ಒಂದು ಗೆರೆ ಎಳೆಯಿರಿ: ನೆಟ್ ನೋಡಿ ಮಾತ್ರೆ ನಿಲ್ಲಿಸೋದೂ ಇಲ್ಲ, ಶುರು ಮಾಡೋದೂ ಇಲ್ಲ. ಬಿಪಿ, ಶುಗರ್, ಥೈರಾಯ್ಡ್, ಫಿಟ್ಸ್, ರಕ್ತ ತೆಳು ಮಾಡುವ ಮಾತ್ರೆ, ಇವುಗಳನ್ನಂತೂ ಒಂದು ದಿನವೂ ತಾವಾಗೇ ಬಿಡಬಾರದು. "ಮನೆಮದ್ದು ತಾನೆ, ಏನಾಗುತ್ತೆ" ಅನ್ನೋದೂ ಎಲ್ಲ ಸಲ ನಿಜವಲ್ಲ. ಎಳನೀರು ಎಷ್ಟು ಒಳ್ಳೆಯದು ಅಂತ ತಿಪಟೂರಿನವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಕಿಡ್ನಿ ಸೋತವರಿಗೆ ಅದರಲ್ಲಿರುವ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಏರುಪೇರು ಮಾಡಬಹುದು, ಜೊತೆಗೆ ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ಇದ್ದರೆ ಇನ್ನೂ ಜಾಸ್ತಿ. ಸಕ್ಕರೆ ಬದಲು ಬೆಲ್ಲ, ಜೇನುತುಪ್ಪ ಅನ್ನೋದೂ ಅಷ್ಟೇ, ಎರಡೂ ಶುಗರ್ ಏರಿಸುತ್ತವೆ. ಅಮೃತಬಳ್ಳಿ ಕಷಾಯ ಕೊರೋನಾ ಸಮಯದಲ್ಲಿ ಎಲ್ಲರೂ ಕುಡಿದರು. 2021ರಲ್ಲಿ ಮುಂಬೈ ವೈದ್ಯರು ಅದನ್ನು ಕುಡಿದ ಕೆಲವರಲ್ಲಿ ಲಿವರ್ ತೊಂದರೆ ಕಂಡಿದ್ದಾಗಿ ವರದಿ ಮಾಡಿದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಏನು ಕುಡಿಯುತ್ತಿದ್ದೀರಿ ಅಂತ ನಮಗೆ ಹೇಳಿ ಸಾಕು. ಹೇಳಿದರೆ ಬೈತಾರೆ ಅಂತ ಮುಚ್ಚಿಡುತ್ತಾರೆ. ಕೆಲವು ಡಾಕ್ಟರು ಬೈಯುತ್ತಾರೆ ಕೂಡ, ಸುಳ್ಳು ಹೇಳಲ್ಲ.

ಮೂರನೆಯದು, ಲ್ಯಾಬ್ ರಿಪೋರ್ಟ್. ಈಗ ರಿಪೋರ್ಟ್ ನೇರ ವಾಟ್ಸಾಪ್‌ಗೇ ಬರುತ್ತದೆ, ನಮಗಿಂತ ಮೊದಲು ಪೇಷಂಟ್ ನೋಡುತ್ತಾರೆ. ಒಂದು ಸಂಖ್ಯೆ ದಪ್ಪಕ್ಕೆ ಪ್ರಿಂಟ್ ಆಗಿ ಪಕ್ಕದಲ್ಲಿ 'ಎಚ್' ಇದ್ದರೆ ಮುಗಿಯಿತು, ರಾತ್ರಿಯೆಲ್ಲ ಗೂಗಲ್. ಉದಾಹರಣೆಗೆ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ತಗೊಳ್ಳಿ. 5.7ಕ್ಕಿಂತ ಕಮ್ಮಿ ಇದ್ದರೆ ನಾರ್ಮಲ್, 6.5 ಅಥವಾ ಅದಕ್ಕಿಂತ ಮೇಲಿದ್ದರೆ ಶುಗರ್ ಇದೆ ಅಂತ ಲೆಕ್ಕ. ಆದರೆ ಅದು ಕಾಯಿಲೆ ಇದೆಯೋ ಇಲ್ಲವೋ ಅಂತ ನೋಡುವ ಲೆಕ್ಕ. ಈಗಾಗಲೇ ಶುಗರ್ ಇರುವವರ ಗುರಿ ಬೇರೆ. ಹೆಚ್ಚಿನವರಿಗೆ 7ರ ಆಸುಪಾಸು, ತುಂಬಾ ವಯಸ್ಸಾಗಿ ಬೇರೆ ಕಾಯಿಲೆಗಳೂ ಇದ್ದರೆ 8ರವರೆಗೂ ಬಿಡುತ್ತೇವೆ, ಯಾಕೆಂದರೆ ಶುಗರ್ ಇಳಿದು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳೋದು ಅದಕ್ಕಿಂತ ಅಪಾಯ. ಗೂಗಲ್‌ಗೆ ನಿಮ್ಮಪ್ಪನ ವಯಸ್ಸು ಗೊತ್ತಿಲ್ಲ. "ನನ್ನ ಗುರಿ ಎಷ್ಟು?" ಅಂತ ಡಾಕ್ಟರನ್ನೇ ಕೇಳಿ, ಆ ಸಂಖ್ಯೆಯನ್ನು ಫೈಲ್ ಮೇಲೆ ದೊಡ್ಡದಾಗಿ ಬರೆದಿಡಿ.

---

ಹಾಸನ_ಟು_ಮೆಲ್ಬರ್ನ್:

ಅಮ್ಮ ಹಾಸನದಲ್ಲಿ ಒಬ್ಬರೇ ಇದ್ದಾರೆ, ನಾನು ಇಲ್ಲಿ. ದೂರದಿಂದ ಕಲಿಸೋರಿಗೆ ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಇದೆ, 2023ರಲ್ಲಿ ಬಂತು. ಅಮ್ಮ ಏನು ನೋಡುತ್ತಿದ್ದಾರೆ ಅಂತ ನನಗೆ ಇಲ್ಲಿ ಕಾಣುತ್ತದೆ, ಒತ್ತೋದು ಅವರೇ. ಮೇಷ್ಟ್ರು ಹೇಳಿದ ಹಾಗೆ ಕೈ ಬೆನ್ನ ಹಿಂದೆ, ಬೇಕೆಂದರೂ ಕಸಿದುಕೊಳ್ಳೋಕೆ ಆಗಲ್ಲ!

ಆದರೆ ಇದರಲ್ಲೇ ಒಂದು ದೊಡ್ಡ ಅಪಾಯ ಇದೆ. ಸ್ಕ್ರೀನ್ ಶೇರ್ ಅಭ್ಯಾಸ ಆದವರಿಗೆ ಯಾರೋ ಫೋನ್ ಮಾಡಿ "ಅಮ್ಮಾ, ಸ್ಕ್ರೀನ್ ಶೇರ್ ಒತ್ತಿ" ಅಂದರೆ ಒತ್ತಿಬಿಡುತ್ತಾರೆ. ಅಮ್ಮನ ಬೀದಿಯಲ್ಲೇ ಒಬ್ಬರಿಗೆ ಇಂಥದ್ದೇ ಫೋನ್ ಮೋಸ ಆಯಿತು. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ನಂಬರ್ ಅಂತ ಗೂಗಲ್‌ನಲ್ಲಿ ಹುಡುಕಿದರು, ಸಿಕ್ಕಿದ ನಂಬರ್ ಕಳ್ಳರದು. "ಹತ್ತು ರೂಪಾಯಿ ಕಟ್ಟಿ ಬುಕ್ ಮಾಡಿ" ಅಂತ ಒಂದು ಫೈಲ್ ಕಳಿಸಿ ಇನ್‌ಸ್ಟಾಲ್ ಮಾಡಿಸಿದರು, ಸಂಜೆ ಹೊತ್ತಿಗೆ ಪೆನ್ಷನ್ ಖಾತೆ ಖಾಲಿ. ಹಾಗಾಗಿ ನಮ್ಮ ಮನೆಯಲ್ಲಿ ನಿಯಮ: ಸ್ಕ್ರೀನ್ ಶೇರ್ ಮಾಡೋದು ಅಮ್ಮನೇ ನನಗೆ ಕಾಲ್ ಮಾಡಿದಾಗ ಮಾತ್ರ, ಬಂದ ಕಾಲ್‌ನಲ್ಲಿ ಯಾವತ್ತೂ ಇಲ್ಲ. ಆಸ್ಪತ್ರೆ ನಂಬರ್ ಬೇಕಾದರೆ ಹಳೇ ಚೀಟಿ ಮೇಲೆ ಅಚ್ಚಾಗಿರೋದೇ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್. ಈ ನಂಬರ್ ಫ್ರಿಜ್ ಮೇಲೆ ಅಂಟಿಸಿದ್ದೇನೆ. ತಡವಾದಷ್ಟೂ ದುಡ್ಡು ಸಿಗೋದು ಕಷ್ಟ.

ಭಾಷೆ ವಿಷಯಕ್ಕೆ ಬಂದರೆ, ಬೇಜಾರಿನ ಸಂಗತಿ. ಕನ್ನಡದಲ್ಲಿ ಮೈಕ್ ಒತ್ತಿ "ಶುಗರ್ ಕಡಿಮೆ ಮಾಡೋದು ಹೇಗೆ" ಅಂದರೆ ಬರೋದರಲ್ಲಿ ಮುಕ್ಕಾಲು "ಈ ಎಲೆ ತಿಂದ್ರೆ ಶುಗರ್ ಮಂಗಮಾಯ" ಥರದ್ದೇ. ಒಳ್ಳೆಯ ಕನ್ನಡ ಬರಹ ಇಲ್ಲ ಅಂತಲ್ಲ, ಅವು ಮೇಲೆ ಬರೋದಿಲ್ಲ. ನಾವು ಮಾಡೋದು ಹೀಗೆ: ಅಮೆರಿಕ ಸರ್ಕಾರದ ವೈದ್ಯಕೀಯ ಗ್ರಂಥಾಲಯ ನಡೆಸುವ ಮೆಡ್‌ಲೈನ್‌ಪ್ಲಸ್, ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್, ಈ ಎರಡು ಸೈಟನ್ನು ಅಮ್ಮನ ಕ್ರೋಮ್‌ನಲ್ಲಿ ಬುಕ್‌ಮಾರ್ಕ್ ಮಾಡಿಕೊಟ್ಟಿದ್ದೇನೆ. ಮೆಡ್‌ಲೈನ್‌ಪ್ಲಸ್‌ನಲ್ಲಿ ಜಾಹೀರಾತೂ ಇಲ್ಲ, ಮಾತ್ರೆ ಮಾರೋದೂ ಇಲ್ಲ. ಮೇಲೆ ಮೂರು ಚುಕ್ಕೆ ಒತ್ತಿ 'ಟ್ರಾನ್ಸ್‌ಲೇಟ್' ಅಂದರೆ ಪುಟ ಕನ್ನಡಕ್ಕೆ ಬರುತ್ತದೆ. ಕನ್ನಡ ಸ್ವಲ್ಪ ಒರಟಾಗಿರುತ್ತದೆ, ಅಮ್ಮ ನಗುತ್ತಾ ಓದುತ್ತಾರೆ, ಆದರೆ ವಿಷಯ ತಿಳಿಯುತ್ತದೆ. ಮಾತ್ರೆಯ ಪ್ರಮಾಣ, ಎಷ್ಟು ಹೊತ್ತು ಅನ್ನೋದನ್ನು ಮಾತ್ರ ಆ ಅನುವಾದ ನಂಬಿ ತೀರ್ಮಾನ ಮಾಡಬೇಡಿ.

---

ಧಾರವಾಡ_ಪೇಡಾ:

ನೋಡ್ರಿ, ಯೂಟ್ಯೂಬ್ ಬಿಡಿಸೋದು ಆಗದ ಮಾತು. ಅದನ್ನೇ ತಿದ್ದಬೇಕು. ನಮ್ಮ ಕಾಕಾ ಅವರ ಫೋನ್‌ನಲ್ಲಿ ನಾನು ಮಾಡಿದ್ದು, ಮೊದಲು ಹಳೇ ವಾಚ್ ಹಿಸ್ಟರಿ ಪೂರಾ ಅಳಿಸಿದೆ. ಅದು ಇರುವ ತನಕ ಒಂದು ಬೆಂಡೆಕಾಯಿ ವಿಡಿಯೋ ನೋಡಿದರೆ ಮರುದಿನ ಐವತ್ತು ಬೆಂಡೆಕಾಯಿ. ಆಮೇಲೆ ಆಟೋಪ್ಲೇ ಬಂದ್. ಮತ್ತೆ ಅಂಥ ಚಾನೆಲ್ ಬಂದರೆ ವಿಡಿಯೋ ಪಕ್ಕದ ಮೂರು ಚುಕ್ಕೆ ಒತ್ತಿ 'ಈ ಚಾನೆಲ್ ಶಿಫಾರಸು ಮಾಡಬೇಡಿ' ಅನ್ನೋದನ್ನು ಕಾಕಾಗೆ ಕಲಿಸಿದೆ. ಅದು ಅವರಿಗೆ ಬಾಳ ಸೇರಿತು, ಈಗ ಬೇಕಾಬಿಟ್ಟಿ ಒತ್ತುತ್ತಾರೆ, ನ್ಯೂಸ್ ಚಾನೆಲ್ ಕೂಡ ಉಳಿದಿಲ್ಲ.

ಇನ್ನು ಬಿಳಿ ಕೋಟಿನ ವಿಷಯ. ಕೋಟು ಯಾರು ಬೇಕಾದರೂ ಹಾಕಬಹುದು. ಈಗ ಮುಖವೇ ನಕಲಿ ಬರುತ್ತದೆ. ಡಾ. ದೇವಿ ಶೆಟ್ಟಿ ಅವರ ಹೆಸರು, ಮುಖ ಬಳಸಿ ಮಾಡಿದ ನಕಲಿ ವಿಡಿಯೋಗಳ ವಿರುದ್ಧ 2024ರಲ್ಲಿ ದೆಹಲಿ ಹೈಕೋರ್ಟ್ ತಡೆ ಕೊಡಬೇಕಾಯಿತು. ಅವರಂಥವರಿಗೇ ಹೀಗಾದರೆ ಉಳಿದವರ ಗತಿ? ಕಾಕಾಗೆ ನಾನು ಹೇಳಿದ್ದು ಒಂದೇ: ವಿಡಿಯೋ ಕೊನೇ ತನಕ ನೋಡ್ರಿ, ಕೊನೆಗೆ ಏನು ಮಾರುತ್ತಾನೆ ನೋಡ್ರಿ. ಪುಡಿ, ಎಣ್ಣೆ, "ಕೆಳಗಿನ ನಂಬರಿಗೆ ಕರೆ ಮಾಡಿ" ಬಂತೋ, ಅಲ್ಲಿಗೆ ಮುಗೀತು. ಇನ್ನೊಂದು, ಶುಗರ್, ಬಿಪಿ, ಕ್ಯಾನ್ಸರ್ ಇಂಥವನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡೋದೇ ನಮ್ಮ ದೇಶದಲ್ಲಿ ಅಪರಾಧ, 1954ರಿಂದ ಕಾನೂನಿದೆ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಅಂತ. ಕಾಕಾ ನಿವೃತ್ತ ಕೋರ್ಟ್ ಕ್ಲರ್ಕ್. ಕಾಯ್ದೆ ಅಂದ ಕೂಡಲೇ ಕನ್ನಡಕ ಹಾಕಿಕೊಂಡು ಕೂತರು! ಡಾಕ್ಟರ್ ಹೇಳಿದ್ದಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು.

---

ತಿಪಟೂರು_ತೆಂಗು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರೇ, ಕಿಡ್ನಿ ವಿಷಯ ನಿಮ್ಮ ಮಾತಲ್ಲೇ ಅಪ್ಪನಿಗೆ ಓದಿ ಹೇಳಿದೆ. ಮೊದಲು "ಹೂಂ" ಅಂದರು. ಆಮೇಲೆ ಅವರೇ "ನಂದು ಆ ಇಜಿಎಫ್‌ಆರ್ ಎಷ್ಟಿದೆ, ರಿಪೋರ್ಟ್‌ನಲ್ಲಿ ಎಲ್ಲಿರುತ್ತೆ" ಅಂತ ಕೇಳಿದರು. ಕ್ರಿಯಾಟಿನಿನ್ ಪಕ್ಕದಲ್ಲೇ ಸಿಕ್ಕಿತು, 30ಕ್ಕಿಂತ ತುಂಬಾ ಮೇಲಿದೆ. ಮಾತ್ರೆ ಎರಡೂ ಹೊತ್ತು ತಗೊಳ್ಳುತ್ತಿದ್ದಾರಂತೆ, ಅಮ್ಮನ ವರದಿ.

ಇನ್ನು ಎರಡು ಪ್ರಶ್ನೆ. ಅಪ್ಪನ ಕೆಇಬಿ ಗೆಳೆಯರ ವಾಟ್ಸಾಪ್ ಗುಂಪಿಗೆ ಏನು ಮಾಡೋದು? ಸುಳ್ಳು ಅಂತ ಗೊತ್ತಾದರೂ "ದೊಡ್ಡವರು ಹಾಕಿದ್ದಾರೆ, ಹೇಗೆ ಹೇಳಲಿ" ಅನ್ನುತ್ತಾರೆ. ಮತ್ತೆ ಇ-ಸಂಜೀವಿನಿ, ಆಭಾ ಇವೆಲ್ಲ ಅವರಿಗೆ ಕಲಿಸೋದು ಉಪಯೋಗವಾ?

---

ಮೇಷ್ಟ್ರು_ಕುವೆಂಪುನಗರ:

ಗುಂಪಿನ ವಿಷಯ ನಾನು ಹೇಳುತ್ತೇನೆ, ನನ್ನದೂ ಅದೇ ಪಾಡು. ಗುಂಪಿನಲ್ಲಿ ಎಲ್ಲರ ಮುಂದೆ "ಇದು ಸುಳ್ಳು" ಅಂತ ಹಾಕಿದರೆ ಸ್ನೇಹ ಕೆಡುತ್ತದೆ, ಆ ಮನುಷ್ಯ ಇನ್ನೂ ಜಿದ್ದಿಗೆ ಬಿದ್ದು ಅಂಥದ್ದೇ ಹಾಕುತ್ತಾನೆ. ಅವರೊಬ್ಬರಿಗೇ ಬೇರೆಯಾಗಿ ಬರೆಯಿರಿ, ಸಾಧ್ಯವಾದರೆ ಫೋನ್ ಮಾಡಿ. ಅವರೇ ಗುಂಪಿನಲ್ಲಿ ತಿದ್ದಿ ಹಾಕಿದರೆ ಮರ್ಯಾದೆ ಉಳಿಯುತ್ತದೆ.

ಒಂದು ಅಪವಾದ ಇದೆ. ನಮ್ಮ ಗುಂಪಿಗೆ "ಸ್ಟ್ರೋಕ್ ಆದರೆ ಸೂಜಿಯಿಂದ ಹತ್ತೂ ಬೆರಳ ತುದಿ ಚುಚ್ಚಿ ರಕ್ತ ತೆಗೆಯಿರಿ" ಅನ್ನುವುದು ಬಂತು. ಹಾರ್ಟ್ ಅಟ್ಯಾಕ್ ಆದಾಗ ಜೋರಾಗಿ ಕೆಮ್ಮುತ್ತಾ ಇರಿ ಅನ್ನುವುದು ಇನ್ನೊಂದು. ಇವು ಎಷ್ಟೋ ವರ್ಷದಿಂದ ಸುತ್ತುತ್ತಿರುವ ಸುಳ್ಳು. ಇಂಥದ್ದಕ್ಕೆ ಮುಲಾಜು ಬೇಡ, ಗುಂಪಿನಲ್ಲೇ ಹೇಳಿ. ಬೆರಳು ಚುಚ್ಚುತ್ತಾ ಕೂತರೆ ಮನುಷ್ಯ ಹೋಗುತ್ತಾನೆ.

ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಕೈಯಿಂದ ಕೈಗೆ ತುಂಬಾ ಸಲ ದಾಟಿ ಬಂದಿದ್ದು ಅಂತ ಅರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಲು ವಾಟ್ಸಾಪೇ 2020ರಿಂದ ಬಿಡುತ್ತಿದೆ. ಇದನ್ನು ಹೇಳಿದಾಗ ನಮ್ಮ ಗೆಳೆಯರಿಗೆ ಆಶ್ಚರ್ಯ, "ಅದಕ್ಕೇನಾ ಐದು ಜನಕ್ಕೆ ಹೋಗದೇ ಇರೋದು, ನನ್ನ ಫೋನ್ ಕೆಟ್ಟಿದೆ ಅಂದ್ಕೊಂಡಿದ್ದೆ!"

---

ತಾಲೂಕು_ವೈದ್ಯ:

ಮೇಷ್ಟ್ರು ಹೇಳಿದ್ದಕ್ಕೆ ಸೇರಿಸುತ್ತೇನೆ. ಮುಖ ಒಂದು ಕಡೆ ಸೊಟ್ಟಗಾಯಿತು, ಒಂದು ಕೈ ಎತ್ತೋಕೆ ಆಗಲ್ಲ, ಮಾತು ತೊದಲುತ್ತಿದೆ, ಇಷ್ಟರಲ್ಲಿ ಯಾವುದು ಕಂಡರೂ ಗೂಗಲ್ ಮುಟ್ಟಬೇಡಿ, 108ಕ್ಕೆ ಫೋನ್ ಮಾಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡೋಕೆ ನಾಲ್ಕೂವರೆ ಗಂಟೆಯ ಒಳಗೆ ಬರಬೇಕು. ಸ್ಕ್ಯಾನ್ ಮಾಡುವ ಸಮಯವೂ ಅದರಲ್ಲೇ ಹೋಗುತ್ತದೆ. ಎದೆ ನೋವಿಗೂ ಅಷ್ಟೇ.

ಇ-ಸಂಜೀವಿನಿ ಕಲಿಸಿ. ಸರ್ಕಾರದ್ದು, ಉಚಿತ. ಮೊಬೈಲ್ ನಂಬರ್, ಓಟಿಪಿ ಹಾಕಿ ಟೋಕನ್ ತಗೊಂಡರೆ ವಿಡಿಯೋದಲ್ಲಿ ಡಾಕ್ಟರು ಸಿಗುತ್ತಾರೆ, ಚೀಟಿ ಫೋನಿಗೇ ಬರುತ್ತದೆ. "ಈ ಮಾತ್ರೆ ಊಟಕ್ಕೆ ಮೊದಲಾ ಆಮೇಲಾ", "ಈ ರಿಪೋರ್ಟ್ ಏನು ಹೇಳುತ್ತದೆ" ಥರದ ಸಂಶಯಕ್ಕೆ ಒಳ್ಳೆಯದು. ಮೊದಲ ಸಲ ನೀವು ಪಕ್ಕದಲ್ಲಿ ಕೂತಿರಿ. ಅದೂ ತಲೆನೋವು ಅಂದರೆ ಆರೋಗ್ಯ ಸಹಾಯವಾಣಿ 104, ಬರೀ ಫೋನ್ ಕಾಲ್, ಕನ್ನಡದಲ್ಲೇ ಮಾತಾಡುತ್ತಾರೆ. ಆಭಾ ಅಂದರೆ ಹದಿನಾಲ್ಕು ಅಂಕಿಯ ಆರೋಗ್ಯ ಸಂಖ್ಯೆ. ಮಾಡಿಸಿದ ಮಾತ್ರಕ್ಕೆ ಹಳೇ ರಿಪೋರ್ಟೆಲ್ಲ ತಾನಾಗೇ ಬಂದು ಕೂರಲ್ಲ, ಆಸ್ಪತ್ರೆಯವರು ಅದಕ್ಕೆ ಜೋಡಿಸಬೇಕು. ಮಾಡಿಸಿಡಿ, ಅವಸರವಿಲ್ಲ. ಅದಕ್ಕಿಂತ ಮೊದಲು ಜನೌಷಧಿ ಸುಗಮ್ ಆ್ಯಪ್ ತೋರಿಸಿ, ಹತ್ತಿರದ ಜನೌಷಧಿ ಅಂಗಡಿ ಎಲ್ಲಿದೆ, ಮಾತ್ರೆ ಬೆಲೆ ಎಷ್ಟು ಎಲ್ಲ ಇರುತ್ತದೆ. ತಿಂಗಳ ಖರ್ಚು ಇಳಿದಿದ್ದು ಕಂಡರೆ ಫೋನ್ ಕಲಿಯುವ ಉತ್ಸಾಹ ತಾನಾಗೇ ಬರುತ್ತದೆ.

ವಿಡಿಯೋದಲ್ಲೋ ಆ್ಯಪ್‌ನಲ್ಲೋ ಯಾರಾದರೂ ಔಷಧಿ ಬರೆದುಕೊಟ್ಟರೆ ಚೀಟಿ ಮೇಲೆ ಅವರ ರಿಜಿಸ್ಟ್ರೇಷನ್ ನಂಬರ್ ಇರಲೇಬೇಕು, 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಇದೆ. ಇಲ್ಲದಿದ್ದರೆ ಆ ಔಷಧಿ ತಗೊಳ್ಳಬೇಡಿ.

---

ತಿಪಟೂರು_ತೆಂಗು:

ಕೊನೇ ಪ್ರಶ್ನೆ ಡಾಕ್ಟರೇ. ಅಪ್ಪನಿಗೆ ಗೂಗಲ್ ಲೆನ್ಸ್ ತೋರಿಸಿಕೊಟ್ಟೆ, ಖುಷಿಯಾಗಿ ಡಾಕ್ಟರ್ ಬರೆದ ಚೀಟಿಯನ್ನೇ ಸ್ಕ್ಯಾನ್ ಮಾಡುತ್ತಿದ್ದಾರೆ. ಅದು ಏನೇನೋ ಓದುತ್ತಿದೆ. ಪರವಾಗಿಲ್ಲವಾ?

---

ತಾಲೂಕು_ವೈದ್ಯ:

ಬೇಡವೇ ಬೇಡ. ನಮ್ಮ ಬರಹ ನಮ್ಮ ನರ್ಸ್‌ಗೇ ಅರ್ಥವಾಗಲ್ಲ. ಒಂದೇ ಅಕ್ಷರ ಆಚೀಚೆ ಆದರೂ ಬೇರೆ ಔಷಧಿ ಆಗಿಬಿಡುತ್ತದೆ. ಲೆನ್ಸ್ ಅಚ್ಚಾದ ಅಕ್ಷರಕ್ಕೆ ಸರಿ, ಮಾತ್ರೆ ಸ್ಟ್ರಿಪ್ ಮೇಲೆ ಹಿಡಿಯಲಿ. ಅಲ್ಲಿ ಕಂಪನಿ ಇಟ್ಟ ದೊಡ್ಡ ಹೆಸರಿನ ಜೊತೆಗೆ ಸಣ್ಣಕ್ಷರದಲ್ಲಿ ಒಳಗಿರುವ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ ಅನ್ನೋದು ಇರುತ್ತದೆ. ಹುಡುಕೋದಾದರೆ ಆ ಸಣ್ಣ ಹೆಸರನ್ನೇ ಹುಡುಕಬೇಕು. ಅಂಗಡಿಯವರು ಐದು ಮಾತ್ರೆ ಕತ್ತರಿಸಿ ಕೊಟ್ಟರೆ ಎಕ್ಸ್‌ಪೈರಿ ತಾರೀಖು ಇರುವ ತುಂಡು ಅವರ ಹತ್ತಿರವೇ ಉಳಿಯಬಹುದು, ಅದಕ್ಕೇ ಬಿಲ್ ಕೇಳಿ ಪಡೆಯೋಕೆ ಹೇಳಿ. ಪ್ರಿಂಟ್ ಆದ ಬಿಲ್‌ನಲ್ಲಿ ಮಾತ್ರೆ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುತ್ತದೆ. ಮುಂದಿನ ಸಲ ನಮ್ಮ ಹತ್ತಿರ ಬರುವಾಗಲೂ ಆ ಬಿಲ್ಲನ್ನೇ ತರಲಿ, "ಅದೇ ಡಾಕ್ಟ್ರೇ, ಬಿಳಿ ಬಣ್ಣದ ಸಣ್ಣ ಮಾತ್ರೆ" ಅಂದರೆ ನಮಗೂ ಗೊತ್ತಾಗಲ್ಲ.